ಎದುರು ಕೂರುವ ಕೆಲಸ

ಮೂವತ್ತೊಂದು ವರ್ಷ ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ದುಡಿದವನು. ನಮ್ಮ ಊರಿನಲ್ಲಿ ಕೆಟ್ಟ ವಸ್ತುವನ್ನು ಅದು ಯಾರದೋ ಅವರೇ ರಿಪೇರಿ ಮಾಡಬೇಕು. ಬೇರೆಯವರು ಬಿಚ್ಚಿ ಸರಿ ಮಾಡಿದರೆ ಮರುದಿನ ಅದೇ ಹೊತ್ತಿಗೆ ಅದು ಮೊದಲಿನ ಹಾಗೆ ಕೆಟ್ಟು ಕೂರುತ್ತದೆ. ಹಾಗಾಗಿ ಇಲ್ಲಿ ರಿಪೇರಿ ಅಂಗಡಿಗಳಿಲ್ಲ, ನನ್ನಂಥವರು ಇದ್ದೇವೆ. ಫ್ಯಾನೋ ಮಿಕ್ಸಿಯೋ ಕೈಕೊಟ್ಟಾಗ ಜನ ನಮ್ಮನ್ನು ಕರೆಸುತ್ತಾರೆ. ಮೇಜಿನ ಆ ಕಡೆ ಅವರು, ಈ ಕಡೆ ನಾನು. ಅವರು ಬಿಚ್ಚುತ್ತಾರೆ, ನಾನು ಹೇಳುತ್ತೇನೆ. ಅಭ್ಯಾಸಬಲದಿಂದ ಕೈ ಮುಂದಕ್ಕೆ ಹೋಗಿಬಿಡಬಾರದೆಂದು ಅದನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಳ್ಳುವುದು ನಮ್ಮ ಕಸುಬಿನ ಪದ್ಧತಿ. ಎದುರು ಕೂರುವವರು ಎಂದೇ ನಮಗೆ ಹೆಸರು.

ಕೂತು ಮಾತಾಡುವುದಕ್ಕೆ ಏನು ಕಷ್ಟ ಎಂದು ಕೇಳುವವರಿದ್ದಾರೆ. ಅವರು ಒಂದು ದಿನ ಬಂದು ಕೂರಲಿ. ಎರಡೇ ಸುತ್ತಿನಲ್ಲಿ ಬಿಚ್ಚಿಕೊಳ್ಳುವ ಸ್ಕ್ರೂವನ್ನು ಒಬ್ಬ ಮನುಷ್ಯ ಅರ್ಧ ಗಂಟೆ ತಪ್ಪು ದಿಕ್ಕಿಗೆ ತಿರುಗಿಸುವುದನ್ನು ನೋಡುತ್ತಾ, 'ಆಗುತ್ತೆ ಸ್ವಾಮಿ, ಇನ್ನೊಂದ್ಸಲ ನೋಡಿ' ಎಂದು ನಗುನಗುತ್ತಾ ಹೇಳಲಿ. ನನಗೀಗ ಅರವತ್ತೆರಡು. ಸೊಂಟ ಹಿಡಿದುಕೊಂಡಿದೆ, ಅಂಗೈ ಯಾವಾಗಲೂ ಜೋಮು. ನನ್ನ ಕೈಯಲ್ಲಿ ಒಳ್ಳೆಯ ಕೆಲಸವಿದೆ ಎಂದು ನನಗೆ ಗೊತ್ತು. ಅದನ್ನು ನನ್ನ ಸೈಕಲ್ಲು, ನನ್ನ ಟಾರ್ಚು ಬಿಟ್ಟರೆ ಇನ್ಯಾರೂ ನೋಡಿಲ್ಲ.

ಇಷ್ಟೆಲ್ಲ ಹೇಳಿದ್ದು ನನ್ನ ಹೆಂಡತಿ ಸರ್ವಮಂಗಳಳ ಲ್ಯಾಪ್‌ಟಾಪ್ ವಿಷಯಕ್ಕೆ ಬರಲು. ಅವಳು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿದ್ದವಳು. ಹನ್ನೊಂದು ವರ್ಷದಿಂದ ಒಂದು ಪುಸ್ತಕ ಬರೆಯುತ್ತಿದ್ದಾಳೆ. ಎದುರು ಕೂರಲು ಯಾರೂ ಸಿಗದವರಿಗಾಗಿ ಬರೆಯುವ ಪುಸ್ತಕ. ಛತ್ರಿಯ ಕಡ್ಡಿ ಮುರಿದರೆ ಏನು ಮಾಡಬೇಕು, ಸ್ಟವ್ ಹೊಗೆ ಉಗುಳಿದರೆ ಏನು, ಹೊಲಿಗೆ ಮೆಷಿನ್ನಿನ ದಾರ ಕೆಳಗಡೆ ಗಂಟು ಕಟ್ಟಿದರೆ ಏನು, ಹೀಗೆ. ಊರಿನ ಮನೆಮನೆಗೂ ಹೋಗಿ, ಯಾರು ಯಾವುದನ್ನು ಹೇಗೆ ಸರಿಮಾಡಿಕೊಂಡರು ಎಂದು ಕೇಳಿ ಬರೆದುಕೊಂಡಿದ್ದಳು. ಬಿಸ್ಕತ್ತಿನ ಬೆಳ್ಳಿ ಕಾಗದ ಮಡಚಿಟ್ಟು ಟಾರ್ಚ್ ಹೊತ್ತಿಸಿಕೊಂಡ ಮುದುಕಿಯ ಕಥೆಯೂ ಅದರಲ್ಲಿದೆ. ಒಟ್ಟು ನಾನೂರ ಹನ್ನೆರಡು ಅಧ್ಯಾಯ. ಎಲ್ಲವೂ ಆ ಲ್ಯಾಪ್‌ಟಾಪಿನಲ್ಲಿ, ಅದೊಂದರಲ್ಲಿ ಮಾತ್ರ. ಬೇರೆ ಎಲ್ಲಾದರೂ ಒಂದು ಕಾಪಿ ಇಡು ಎಂದು ನಾನು ಹೇಳದ ತಿಂಗಳಿಲ್ಲ. "ಮುಗೀಲಿ ರೀ, ಅರ್ಧಂಬರ್ಧ ಕೆಲಸಕ್ಕೆ ಎಂಥ ಕಾಪಿ" ಎನ್ನುತ್ತಿದ್ದಳು.

ಎರಡೂವರೆ ವರ್ಷದ ಹಿಂದೆ ಅವಳ ಕೈ ನಡುಗಲು ಶುರುವಾಯಿತು. ಮೊದಲು ಬಲಗೈ, ಆಮೇಲೆ ಎಡಗೈ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಬೆಳಿಗ್ಗೆ ನುಂಗಿ ಮುಕ್ಕಾಲು ಗಂಟೆ ಕಳೆದ ಮೇಲೆ ಕೈ ಸ್ವಲ್ಪ ಹೊತ್ತು ಮಾತು ಕೇಳುತ್ತದೆ, ಆಮೇಲೆ ತನ್ನ ದಾರಿ ಹಿಡಿಯುತ್ತದೆ. ಕಾಫಿಯನ್ನು ಅರ್ಧ ಲೋಟ ಮಾತ್ರ ಕೊಡುತ್ತೇನೆ. ಕೈ ನಡುಗುವವರ ಸಾಮಾನುಗಳು ನಮ್ಮ ಊರಿನಲ್ಲಿ ಒಂದೊಂದಾಗಿ ಅಟ್ಟ ಸೇರುತ್ತವೆ. ಅವಳ ರೇಡಿಯೋ ಹೋಯಿತು, ಟೇಬಲ್ ಫ್ಯಾನ್ ಹೋಯಿತು. ಪುಸ್ತಕವನ್ನು ಮಾತ್ರ ಒಂದೇ ಬೆರಳಿನಲ್ಲಿ ಕುಟ್ಟುತ್ತಾ ಹೋದಳು. ನೀನು ಹೇಳು, ನಾನು ಟೈಪ್ ಮಾಡುತ್ತೇನೆ ಎಂದು ಎಷ್ಟೋ ಸಲ ಕೇಳಿದೆ. "ಬೇಡ. ನೀವು ನನ್ನ ವಾಕ್ಯ ತಿದ್ದುತ್ತೀರಿ" ಎಂದಳು. ನಿಜ, ತಿದ್ದುತ್ತೇನೆ.

ಒಂದು ಮಧ್ಯಾಹ್ನ, ಪ್ರೆಷರ್ ಕುಕ್ಕರಿನ ಅಧ್ಯಾಯವನ್ನು ಎರಡನೇ ಸಲ ನೋಡುತ್ತಿದ್ದಾಗ ಲ್ಯಾಪ್‌ಟಾಪ್ ಆರಿಹೋಯಿತು. ಚಾರ್ಜರ್ ಚುಚ್ಚಿದರೂ ಇಲ್ಲ, ಗುಂಡಿ ಒತ್ತಿದರೂ ಇಲ್ಲ. ತಲೆಕೆಳಗು ಮಾಡಿ ನೋಡಿದೆವು. ಹೊಟ್ಟೆ ಉಬ್ಬಿತ್ತು.

ಸಾಮಾನು ಮಾರುವ ಜಬೀನಾಳ ಹತ್ತಿರ ಹೋದೆ. ಸ್ಕ್ರೂ, ವೈರು, ಬ್ಯಾಟರಿ, ಊರಿಗೆ ಬೇಕಾದದ್ದೆಲ್ಲ ಅವಳ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲದ್ದನ್ನು ಹೊರಗಿನಿಂದ ಬಸ್ಸಿನಲ್ಲಿ ತರಿಸುತ್ತಾಳೆ. ನಾನು ಹೇಳಿದ್ದನ್ನು ಕೇಳಿ, "ಬ್ಯಾಟರಿ ಊದ್ಕೊಂಡಿದೆ ಶಿವನಂಜಣ್ಣ. ಚಾರ್ಜರ್ ಚುಚ್ಚೋ ಸಾಕೆಟ್ಟೂ ಒಳಗೆ ಮುರಿದಿರತ್ತೆ. ಎರಡೂ ತರಿಸ್ತೀನಿ. ಆದ್ರೆ ಅಕ್ಕನ ಕೈಲಿ ಆಗತ್ತಾ?" ಎಂದಳು. ಆಗುತ್ತೆ ಎಂದೆ. ಮೂವತ್ತೊಂದು ವರ್ಷದಿಂದ ಎಲ್ಲರಿಗೂ ಅದನ್ನೇ ಹೇಳಿಕೊಂಡು ಬಂದವನು, ಬಾಯಿಗೆ ಬೇರೆ ಮಾತು ಬರುವುದಿಲ್ಲ.

ಫೋನಿನಲ್ಲಿ ವಿಡಿಯೋ ನೋಡಿದೆವು. ಯಾವುದೋ ದೇಶದ ಗಡ್ಡದವನೊಬ್ಬ ಇದೇ ಥರದ ಲ್ಯಾಪ್‌ಟಾಪನ್ನು ಎಂಟೂವರೆ ನಿಮಿಷದಲ್ಲಿ ಬಿಚ್ಚಿ ಜೋಡಿಸುತ್ತಾನೆ. ಅವನ ಸ್ಕ್ರೂ ಕೆಳಗೆ ಬೀಳುವುದಿಲ್ಲ, ಬಿದ್ದದ್ದು ಬೀರುವಿನಡಿಗೆ ಉರುಳುವುದಿಲ್ಲ. ಅವನ ಎಂಟೂವರೆ ನಿಮಿಷಕ್ಕೆ ನಾವು ಹತ್ತೊಂಬತ್ತು ದಿನ ತೆಗೆದುಕೊಂಡೆವು.

ಹಿಂಬದಿಯಲ್ಲಿ ಹನ್ನೊಂದು ಸ್ಕ್ರೂ. ಒಂಬತ್ತು ಕಣ್ಣಿಗೆ ಕಾಣುತ್ತವೆ, ಎರಡು ರಬ್ಬರ್ ಕಾಲಿನ ಅಡಿಯಲ್ಲಿ ಅವಿತಿರುತ್ತವೆ. ಆ ಎರಡರ ವಿಷಯ ಗೊತ್ತಾಗುವಷ್ಟರಲ್ಲಿ ಮುಚ್ಚಳದ ಒಂದು ಮೂಲೆ ಸೀಳಿತ್ತು. ಒಂದೊಂದು ಸ್ಕ್ರೂವೂ ಸಾಸಿವೆ ಕಾಳಿನಷ್ಟು. ಮಂಗಳ ಮಣಿಕಟ್ಟಿನ ಮೇಲೆ ರಾಗಿ ತುಂಬಿದ ಬಟ್ಟೆ ಚೀಲವನ್ನು ಕಟ್ಟಿಕೊಂಡಳು. ಭಾರಕ್ಕೆ ನಡುಕ ಸ್ವಲ್ಪ ತಗ್ಗುತ್ತದೆ ಎಂದು ಅವಳೇ ಕಂಡುಕೊಂಡ ಉಪಾಯ. ಹಾಗಿದ್ದರೂ ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ತಲೆಯ ಸುತ್ತ ಕುಣಿಯುತ್ತಿತ್ತು, ಕೂರುತ್ತಿರಲಿಲ್ಲ. ಕೂತಿತು ಅನ್ನುವಾಗ ಜಾರುತ್ತಿತ್ತು. ನಾನು ಎದುರು ಕೂತು ನೋಡುತ್ತಿದ್ದೆ. ನನ್ನ ಕೈಗಳು ತೊಡೆಯ ಕೆಳಗೆ ಅವಳ ಬದಲು ತಿರುಗಿಸುತ್ತಿದ್ದವು. ಮೊದಲ ದಿನ ಮೂರು ಸ್ಕ್ರೂ ಬಂದವು. ಎರಡನೇ ದಿನ ಒಂದು. ಮೂರನೇ ದಿನ ಬೆಳಗಿನಿಂದ ಸಂಜೆಯವರೆಗೆ ಕೂತು ಉಳಿದ ಏಳನ್ನೂ ಬಿಚ್ಚಿದಳು.

ಬಿಚ್ಚಿದ ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಹಾಕಿಸಿದೆ. ಉದ್ದದವು ಒಂದು ಗುಳಿಯಲ್ಲಿ, ಗಿಡ್ಡವು ಇನ್ನೊಂದರಲ್ಲಿ. ಮೇಡಂ ಅಲ್ಲವೇ, ಒಂದೊಂದು ಗುಳಿಗೂ ಚೀಟಿ ಬರೆದಿಟ್ಟಳು. ಅಕ್ಷರ ಇರುವೆ ಹರಿದ ಹಾಗಿತ್ತು, ಆದರೂ ಅವಳು ಬರೆದದ್ದೇ.

ಮುಚ್ಚಳ ತೆಗೆಯಲು ಮೂರು ದಿನ, ಹಳೆಯ ಬ್ಯಾಟರಿ ಬಿಡಿಸಿ ಹೊಸದನ್ನು ಕೂರಿಸಲು ಎರಡು ದಿನ, ಸಾಕೆಟ್ಟಿಗೆ ನಾಲ್ಕು ದಿನ. ಒಂಬತ್ತನೇ ದಿನ ಗುಂಡಿ ಒತ್ತಿದಾಗ ಪರದೆ ಹೊತ್ತಿಕೊಂಡಿತು. ಮಂಗಳ ಪುಸ್ತಕ ಇದೆಯೋ ಇಲ್ಲವೋ ಎಂದು ಅದೊಂದನ್ನೇ ನೋಡಿದಳು. ಇತ್ತು. ಅವಳು ನನ್ನ ಕಡೆ ನೋಡಿ ನಕ್ಕದ್ದು ಈಗಲೂ ಕಣ್ಣ ಮುಂದಿದೆ. ಕಾಪಿಯನ್ನು ಮುಚ್ಚಳ ಹಾಕಿದ ಮೇಲೆ ಮಾಡಿಕೊಂಡರಾಯಿತು ಎಂದುಕೊಂಡೆವು. ಆರಿಸಿ, ಮುಚ್ಚಳ ಹಾಕಿ ಸ್ಕ್ರೂ ಬಿಗಿದರೆ ಮುಗಿಯಿತು.

ಅಲ್ಲಿ ನಾನು ಎಡವಿದೆ. ಎದುರು ಕೂರುವವರ ಕಸುಬಿನಲ್ಲಿ ಮೊದಲ ದಿನ ಕಲಿಸುವ ಪಾಠ ಒಂದೇ: ಎಡ ಎನ್ನಬಾರದು, 'ನಿಮ್ಮ ಎಡಕ್ಕೆ' ಎನ್ನಬೇಕು. ಯಾಕೆಂದರೆ ನಾವು ಎದುರು ಕೂತಿರುತ್ತೇವೆ, ನಮ್ಮ ಎಡ ಅವರ ಬಲ. ಊರಿನವರಿಗೆಲ್ಲ ಸಾವಿರಾರು ಸಲ ಸರಿಯಾಗಿ ಹೇಳಿದವನು ಹೆಂಡತಿಯ ಮುಂದೆ ತಪ್ಪಿದೆ. ಹಸಿವಾಗಿತ್ತು, ಸೆಖೆಯಾಗಿತ್ತು, ಇನ್ನೇನು ಮುಗಿಯಿತಲ್ಲ ಎಂಬ ಸಡಿಲ ಬೇರೆ. ಎದ್ದು ಫ್ಯಾನ್ ಹಾಕಿ ಬಂದೆ. ಚೀಟಿಗಳು ಹಾರಿಹೋದವು. "ಯಾವ ಗುಳಿ ರೀ?" ಎಂದಳು. "ಎಡಗಡೇದು" ಎಂದೆ. ಅವಳು ತನ್ನ ಎಡಗಡೆಯ ಗುಳಿಯಿಂದ ತೆಗೆದುಕೊಂಡಳು. ಅದು ಉದ್ದ ಸ್ಕ್ರೂ. ಕೂರಬೇಕಿದ್ದದ್ದು ಗಿಡ್ಡದು. ಅವತ್ತು ಅವಳ ಕೈ ಎಂದಿಗಿಂತ ಚೆನ್ನಾಗಿ ಮಾತು ಕೇಳುತ್ತಿತ್ತು. ಒಂದೇ ಸಲಕ್ಕೆ ಕೂರಿಸಿ ಬಿಗಿಯುತ್ತಾ ಹೋದಳು. ಒಳಗೆ ಟಕ್ ಎಂದಿತು.

ಆಮೇಲೆ ಗುಂಡಿ ಒತ್ತಿದರೆ ಏನೂ ಇಲ್ಲ. ಮತ್ತೆ ಹನ್ನೊಂದೂ ಸ್ಕ್ರೂ ಬಿಚ್ಚಿಸಿ ನೋಡಿದರೆ, ಗುಂಡಿಗೂ ಒಳಗಿನ ಬೋರ್ಡಿಗೂ ನಡುವೆ ಹೋಗುವ ತೆಳು ಪಟ್ಟಿಯನ್ನು ಸ್ಕ್ರೂವಿನ ಮೂತಿ ಚುಚ್ಚಿ ಹರಿದಿತ್ತು. ಅವಳೇ, "ನನ್ನ ಕೈಯ ತಪ್ಪು" ಎಂದಳು. ಅಲ್ಲ ಮಾರಾಯ್ತಿ, ನನ್ನ ಬಾಯಿಯ ತಪ್ಪು ಎಂದೆ. ಹಾರಿದ ಚೀಟಿಗಳನ್ನು ಹೆಕ್ಕುವ ನೆವದಲ್ಲಿ ಮೇಜಿನ ಕೆಳಗೆ ಬಗ್ಗಿ ಸ್ವಲ್ಪ ಹೊತ್ತು ಅಲ್ಲೇ ಇದ್ದೆ.

ಹೊಸ ಪಟ್ಟಿ ಬರಲು ಐದು ದಿನ ಆಯಿತು. ಜಬೀನಾ ಅದನ್ನು ತಾನೇ ಮನೆಗೆ ತಂದುಕೊಟ್ಟಳು. ಮಂಗಳಳ ಕೈ ನೋಡಿದಳು, ಪಟ್ಟಿ ನೋಡಿದಳು, ಕಾಫಿ ಕುಡಿದು ಹೋದಳು. ಅದು ಕೂರಬೇಕಾದ ಸೀಳು ಎಷ್ಟು ಸಣ್ಣದೆಂದರೆ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದರೂ ನನಗೆ ಎರಡೆರಡಾಗಿ ಕಾಣುತ್ತಿತ್ತು. ಪಟ್ಟಿಯನ್ನು ನೇರ ಒಳಗೆ ತಳ್ಳಿ, ಅಲುಗಿಸದೆ ಹಿಡಿದು, ಉಗುರಿನ ತುದಿಯಷ್ಟಿರುವ ಕೊಕ್ಕೆಯನ್ನು ಒತ್ತಬೇಕು. ಎರಡು ಗಟ್ಟಿ ಕೈ ಬೇಕಾದ ಕೆಲಸ. ನನಗೆ ಎರಡು ನಿಮಿಷದ ಕೆಲಸ.

ಐದು ದಿನ ಪ್ರಯತ್ನಪಟ್ಟಳು. ರಾಗಿ ಚೀಲಕ್ಕೆ ಇನ್ನೂ ರಾಗಿ ತುಂಬಿಸಿಕೊಂಡಳು. ಮೊಳಕೈಯನ್ನು ಸೆರಗಿನಿಂದ ಕುರ್ಚಿಗೆ ಕಟ್ಟಿಸಿಕೊಂಡಳು. "ಹೇಳಿ ರೀ" ಎನ್ನುತ್ತಿದ್ದಳು. "ನಿಮ್ಮ ಎಡಕ್ಕೆ ಸ್ವಲ್ಪ" ಎನ್ನುತ್ತಿದ್ದೆ. ಹೆಂಡತಿಗೆ ಬಹುವಚನ ಬಂದುಬಿಡುತ್ತಿತ್ತು, ಅಷ್ಟು ಹೆದರಿದ್ದೆ. ಪಟ್ಟಿ ಒಳಗೆ ಹೋಗುತ್ತಿತ್ತು, ಕೊಕ್ಕೆ ಒತ್ತುವಷ್ಟರಲ್ಲಿ ಹೊರಗೆ ಬರುತ್ತಿತ್ತು. ಐದನೇ ದಿನ ನನಗೇ ತಡೆಯಲಿಲ್ಲ. ತೊಡೆಯ ಕೆಳಗಿನಿಂದ ಕೈ ಎದ್ದು ಮೇಜಿನ ಮೇಲೆ ಬಂದಿತ್ತು. ಅವಳು ನೋಡಿದಳು. ನಾನು ಕೈಯನ್ನು ಮತ್ತೆ ಕೆಳಗೆ ಇಟ್ಟುಕೊಂಡೆ.

"ಅದು ನಿಮ್ಮದು ರೀ, ತಗೊಳ್ಳಿ" ಎಂದಳು.

ಇಂಥ ಕೊಡುವಿಕೆ ನಮ್ಮ ಊರಿನಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ಮಾಡಿ ನೋಡಿದ್ದಾರೆ. ವಸ್ತುವನ್ನು ಬೇರೆಯವರಿಗೆ ಕೊಟ್ಟುಬಿಟ್ಟರೆ ಅವರದಾಯಿತು, ಅವರು ರಿಪೇರಿ ಮಾಡಬಹುದು. ಆದರೆ ಬಾಯಲ್ಲಿ ಕೊಟ್ಟರೆ ಸಾಲದು. ಒಳಗೆ ಎಲ್ಲೋ ನನ್ನದು ಎಂದು ಉಳಿದಿದ್ದರೂ ಮರುದಿನ ಅದೇ ಹೊತ್ತಿಗೆ ಎಲ್ಲ ಹಿಂದಕ್ಕೆ ಹೋಗುತ್ತದೆ. ಪಕ್ಕದ ಮನೆಯ ರಾಚಪ್ಪ ಮಿಕ್ಸಿಯನ್ನು ಭಾಮೈದನಿಗೆ ಕೊಟ್ಟ ಹಾಗೆ ಮಾಡಿ ರಿಪೇರಿ ಮಾಡಿಸಿದಾಗ, ಅದರಲ್ಲಿ ರುಬ್ಬಿದ ಹಿಟ್ಟು ಮರುದಿನ ಮತ್ತೆ ಅಕ್ಕಿಯೂ ಉದ್ದೂ ಆಗಿ ಪಾತ್ರೆಯ ತಳದಲ್ಲಿ ಕೂತಿತ್ತು. ಆ ಒಂದು ದಿನದಲ್ಲಿ ಕಾಪಿ ಮಾಡಿಕೊಂಡರೂ ಉಳಿಯುವುದಿಲ್ಲ. ಮಂಗಳಳೇ ಹೋದ ವರ್ಷ ತನ್ನ ವಾಚನ್ನು ನನಗೆ ಕೊಟ್ಟಿದ್ದಳು. ಸರಿಮಾಡಿದೆ. ಮರುದಿನ ಅದೇ ನಿಮಿಷಕ್ಕೆ ನಿಂತಿತು. ಅವಳ ಅಪ್ಪ ಕೊಡಿಸಿದ ವಾಚು. "ಮನಸ್ಸಿಂದ ಕೊಡಕ್ಕಾಗಲಿಲ್ಲ ರೀ" ಎಂದು ಒಂದು ಇಡೀ ದಿನ ಅತ್ತಿದ್ದಳು.

ವಾಚನ್ನೇ ಬಿಡಲಾಗದವಳು ಇದನ್ನು ಬಿಡುತ್ತಾಳೆಯೇ? "ಸುಮ್ನಿರು, ನಾಳೆ ಮತ್ತೆ ನೋಡೋಣ" ಎಂದೆ. "ನಾಳೆ ಇದಕ್ಕಿಂತ ಜಾಸ್ತಿ ನಡುಗುತ್ತೆ. ತಗೊಳ್ಳಿ ಅಂದ್ನಲ್ಲ" ಎಂದು ಲ್ಯಾಪ್‌ಟಾಪನ್ನು, ಬಿಚ್ಚಿದ ಮುಚ್ಚಳವನ್ನು, ಇಡ್ಲಿ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ರಾಗಿ ಚೀಲ ಬಿಚ್ಚಿ ಎದ್ದುಹೋದಳು.

ಮೂವತ್ತೊಂದು ವರ್ಷ ಕಾದಿದ್ದ ಕೈಗಳು. ಕೆಲಸ ಮುಗಿಯಲು ಕಾಲು ಗಂಟೆ ಹಿಡಿಯಿತು. ಪಟ್ಟಿ ಕೂತಿತು, ಕೊಕ್ಕೆ ಬಿತ್ತು, ಗಿಡ್ಡ ಸ್ಕ್ರೂಗಳು ಗಿಡ್ಡ ಜಾಗಕ್ಕೆ, ಉದ್ದದವು ಉದ್ದ ಜಾಗಕ್ಕೆ. ಮೂರೂ ನಲವತ್ತಕ್ಕೆ ಪರದೆ ಹೊತ್ತಿಕೊಂಡಿತು. ನನಗೆ ಒಂದಿಷ್ಟೂ ಖುಷಿಯಾಗಲಿಲ್ಲ.

ಚಾರ್ಜರ್ ಚುಚ್ಚಿ, ಆರಿಸದೆ, ಮೇಜಿನ ಮೇಲೆ ಹಾಗೇ ಬಿಟ್ಟೆ. ಮರುದಿನ ಬೆಳಗಿನಿಂದ ಅದರ ಮುಂದೆಯೇ ಕೂತೆ. ಅದು ಆರಿದರೆ ಹನ್ನೊಂದು ವರ್ಷದ ಪುಸ್ತಕ ಒಳಗೇ ಸಿಕ್ಕಿಬಿತ್ತು ಎಂದರ್ಥ. ಆರದಿದ್ದರೆ ಪುಸ್ತಕ ಉಳಿಯಿತು, ಆದರೆ ಅವಳು ಅದನ್ನು ಮನಸ್ಸಿನಿಂದ ಕಿತ್ತುಹಾಕಿದ್ದಾಳೆ. ಯಾವುದು ಬೇಕು ನಿನಗೆ ಎಂದು ಯಾರಾದರೂ ಕೇಳಿದರೆ ನಿಜ ಹೇಳುತ್ತೇನೆ, ಆರಲಿ ಎಂದೇ ನಾನು ಬೇಡಿಕೊಂಡದ್ದು. ಆರಿದರೆ ಮತ್ತೆ ಎದುರು ಕೂರುತ್ತಿದ್ದೆ. ವರ್ಷವಾದರೂ ಕೂರುತ್ತಿದ್ದೆ. ಅವಳು ಕೈಚೆಲ್ಲುವುದನ್ನು ನಾನು ನೋಡಿರಲಿಲ್ಲ, ನೋಡುವ ಶಕ್ತಿಯೂ ಉಳಿದಿರಲಿಲ್ಲ.

ಮೂರೂ ಮೂವತ್ತೈದು. ಮೂರೂ ನಲವತ್ತು. ನಲವತ್ತೊಂದು. ಗಡಿಯಾರ ಮುಂದಿದೆಯೇನೋ ಎಂದು ಫೋನ್ ನೋಡಿದೆ. ಮೂರೂ ಐವತ್ತು. ಪರದೆ ಬೆಳಗುತ್ತಲೇ ಇತ್ತು.

ಮಂಗಳ ಜಗಲಿಯಲ್ಲಿ ಕೂತಿದ್ದಳು. ಹೋಗಿ ನಿಂತೆ. "ಆರಲಿಲ್ಲ" ಎಂದೆ.

"ಆರಲ್ಲ ಅಂತ ಗೊತ್ತಿತ್ತು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಹನ್ನೊಂದು ವರ್ಷ ಕಣೇ! ಒಂದು ವಾಚು ಬಿಡಕ್ಕಾಗ್ಲಿಲ್ಲ ನಿನಗೆ, ಇದನ್ನ ಇಷ್ಟು ಸುಲಭವಾಗಿ ಬಿಟ್ಟುಬಿಟ್ಯಾ?"

"ಸುಲಭ ಅಂತ ನಿಮಗೆ ಯಾರಂದ್ರು?" ಅವಳೂ ದನಿ ಎತ್ತರಿಸಿದಳು. "ಈ ಐದು ದಿನ ನಾನು ಬರೀ ಪಟ್ಟಿ ತಳ್ತಾ ಕೂತಿದ್ದೆ ಅಂದ್ಕೊಂಡ್ರಾ? ದಿನಾ ಒಂದಿಷ್ಟು ಒಂದಿಷ್ಟು ಬಿಡ್ತಾ ಬಂದೆ. ಮೊನ್ನೆ ಕೊಟ್ಟಿದ್ರೆ ನಿನ್ನೆ ಆರಿರೋದು. ನಿನ್ನೆ ನಿಮ್ಮ ಕೈ ಮೇಲಕ್ಕೆ ಬಂತಲ್ಲ, ಆಗ ಪೂರ್ತಿ ಬಿಟ್ಟೆ." ನನ್ನ ಕೈ ನೋಡಿದಳು. "ಅಷ್ಟು ಒಳ್ಳೆ ಕೈ ಇಟ್ಕೊಂಡು ಎಷ್ಟು ವರ್ಷ ಅದರ ಮೇಲೇ ಕೂತ್ಕೊಂಡಿರ್ತೀರಿ?"

ಪಕ್ಕದಲ್ಲಿ ಕೂತೆ. ಅವಳ ಕೈ ಮಡಿಲಿನಲ್ಲಿ ಅದರ ಪಾಡಿಗೆ ಅದು ನಡುಗುತ್ತಿತ್ತು.

"ಪುಸ್ತಕ ಈಗ ನನ್ನದಾಯ್ತಲ್ಲ, ನಾನೇನು ಮಾಡ್ಲಿ ಅದನ್ನ?" ಎಂದೆ ಕೊನೆಗೆ.

"ಮೊದಲು ಕಾಪಿ ಮಾಡಿ. ಹನ್ನೊಂದು ವರ್ಷದಿಂದ ಬಡ್ಕೊಳ್ತಿದ್ರಲ್ಲ." ಅವಳು ಗೋಡೆ ಹಿಡಿದು ಎದ್ದಳು. "ಲ್ಯಾಪ್‌ಟಾಪ್ ಕೊಟ್ಟೆ, ಪುಸ್ತಕ ಕೊಟ್ಟೆ. ಬಾಯಿ ಕೊಟ್ಟಿಲ್ಲ. ಬನ್ನಿ."

ಒಳಗೆ ಹೋಗಿ ನೋಡಿದರೆ ಅವಳು ತನ್ನ ಕುರ್ಚಿಯಲ್ಲಿ ಕೂರಲಿಲ್ಲ. ಮೇಜು ಸುತ್ತಿ ಬಂದು ನನ್ನ ಕುರ್ಚಿಯಲ್ಲಿ, ಹತ್ತೊಂಬತ್ತು ದಿನ ನಾನು ಕೂತಿದ್ದ ಜಾಗದಲ್ಲಿ ಕೂತಳು. ಲ್ಯಾಪ್‌ಟಾಪನ್ನು ಆಚೆ ಕಡೆಗೆ ತಿರುಗಿಸಿದಳು. ಸೀರೆ ಸರಿಮಾಡಿಕೊಂಡು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ತೊಡೆಯ ಭಾರಕ್ಕೆ ನಡುಕ ನಿಂತಿತು. ಅವಳ ಭುಜ ಅಷ್ಟು ಸ್ಥಿರವಾಗಿದ್ದದ್ದನ್ನು ನಾನು ಎರಡೂವರೆ ವರ್ಷದಿಂದ ನೋಡಿರಲಿಲ್ಲ.

ಜಬೀನಾಳ ಅಂಗಡಿಯಿಂದ ತಂದಿದ್ದ ಪೆನ್‌ಡ್ರೈವಿಗೆ ಕಾಪಿ ಹಾಕಿದೆ. ಆಮೇಲೆ ಅವಳು ಹೇಳಿದ ಕಡೆ ಒತ್ತಿ, ಪುಸ್ತಕದ ಕೊನೆಯ ಪುಟಕ್ಕೆ ಬಂದೆ.

"ಬರ್ಕೊಳ್ಳಿ. ನಾನೂರ ಹದಿಮೂರು. ಲ್ಯಾಪ್‌ಟಾಪ್."

ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದೆ. ಮೂವತ್ತೊಂದು ವರ್ಷದ ಒಳ್ಳೆಯ ಕೈ ಎಂದದ್ದೇ ಬಂತು, ಒಂದು ಪದಕ್ಕೆ ಎರಡು ನಿಮಿಷವಾಯಿತು. ಅವಳು ನನ್ನ ಕುಟ್ಟುವಿಕೆಯ ಸದ್ದು ಕೇಳುತ್ತಾ ತುಟಿ ಕಚ್ಚಿ ಕೂತಿದ್ದಳು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಅರ್ಧ ಗಂಟೆ ತಪ್ಪು ದಿಕ್ಕಿಗೆ ಸ್ಕ್ರೂ ತಿರುಗಿಸುವವರ ಎದುರು ನಾನು ಇಟ್ಟುಕೊಳ್ಳುವ ಮುಖ ಅದೇ.

"ಆಗುತ್ತೆ. ಈಗ ಬರೀರಿ. ಸ್ಕ್ರೂಗಳು ಎರಡು ಥರ, ಉದ್ದ ಮತ್ತು ಗಿಡ್ಡ. ಚೀಟಿ ಬರೆದಿಡಿ. ಫ್ಯಾನ್ ಹಾಕಬೇಡಿ."

"ಮೊದಲನೆಯದಾಗಿ ಅಂತ ಶುರುಮಾಡಿದ್ರೆ ಚೆನ್ನಾಗಿರತ್ತಲ್ವಾ?"

"ತಿದ್ದಬೇಡಿ."

ಸುಮ್ಮನೆ ಅವಳು ಹೇಳಿದ್ದನ್ನೇ ಬರೆಯಹೊರಟೆ. ಮೊದಲ ಅಕ್ಷರವೇ ಸಿಗಲಿಲ್ಲ. ಕೀಲಿಗಳ ಮೇಲೆ ಬೆರಳು ಒಂದು ಸುತ್ತು ಹೋಗಿಬಂತು. "ಸ ಎಲ್ಲಿದೆ?" ಎಂದೆ.

ಅವಳಿಗೆ ಆ ಕಡೆಯಿಂದ ಪರದೆಯ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿ ಒಂದು ಕ್ಷಣ ನೆನಪು ಮಾಡಿಕೊಂಡಳು.

"ನಿಮ್ಮ ಎಡಕ್ಕೆ" ಎಂದಳು.